ಎರೆಮೀನು

ಆಯು ಮೀನಿನ ಹಂಗಾಮು ಶುರುವಾಗಿತ್ತು. ಮಳೆಯೂ ಹಿಡಿದು ಕೂತಿತ್ತು. ಬೆಳಿಗ್ಗೆ ಯಸುಹಿಕೊ ಕೆಲಸಕ್ಕೆ ಹೊರಟಾಗ ಅವನ ತಾಯಿ ಕೆಂಪು ಬಟ್ಟೆಯೊಂದರ ಅಂಚು ಹೊಲಿಯುತ್ತಿದ್ದಳು. ಕೂಸಿನ ಎದೆಗೆ ಕಟ್ಟುವಂಥದ್ದು.

"ಯಾರ ಮಗೂಗಮ್ಮ?"

"ಬೇರೆಯವರ ಮನೇಲಿ ಬೆಳೀತಿರೋ ಮಗು," ಎಂದವಳು ತಾನೇ ಎದ್ದು ಅವನ ಬೀಗದಕೈ ಗೊಂಚಲು ತಂದುಕೊಟ್ಟಳು. ಎಂದೂ ಹಾಗೆ ಕೊಟ್ಟವಳಲ್ಲ.

ಅಣೆಕಟ್ಟಿನ ಸೈರನ್ ಎರಡನೇ ಸಲ ಕೂಗಿದರೂ ಟೊಕುಜೊ ಅಜ್ಜ ಸೊಂಟಮಟ್ಟದ ನೀರಿನಲ್ಲಿ ಗಾಳ ಹಿಡಿದು ನಿಂತೇ ಇದ್ದ. ಹೊಳೆಯಲ್ಲಿ ಒಬ್ಬನಿದ್ದರೂ ಗೇಟು ಎತ್ತುವಂತಿಲ್ಲ. ಹೊಳೆ ಖಾಲಿ ಮಾಡಿಸುವುದು ಯಸುಹಿಕೊನ ಕೆಲಸ. ಮೇಲಿನ ಪ್ರದರ್ಶನ ಕೋಣೆ ಕಾಯುವುದೂ ಅವನೇ. ಅದನ್ನು ತೆರೆದಿಟ್ಟು ಓಡಿಬಂದಿದ್ದ.

ಫೋನು ಮತ್ತೆ ಬಡಿದುಕೊಂಡಿತು. "ಒಬ್ಬ ಮುದುಕನ್ನ ಮೇಲೆತ್ತೋಕೆ ಆಗಲ್ವೇನಯ್ಯಾ?" ಮೇಲಧಿಕಾರಿಯ ದನಿ.

"ಅಜ್ಜಾ, ಮೇಲೆ ಬಾ. ತಲೆ ಬಾಗಿಸಿ ಕೇಳ್ತಿದೀನಿ."

"ತಡಿಯಪ್ಪಾ. ಜೀವ ಇರೋ ಆಯುನೇ ಗಾಳದ ದಾರಕ್ಕೆ ಕಟ್ಟಿ, ಎರೆಮೀನು ಅಂತ ಈಗತಾನೇ ಬಿಟ್ಟಿದೀನಿ."

"ಆಗಿನಿಂದ ಇದೇ ಹಾಡು."

"ಆಯು ಬುದ್ಧಿ ಗೊತ್ತಲ್ಲ ನಿಂಗೆ? ತನ್ನ ಜಾಗಕ್ಕೆ ಬಂದ ಎರೆಮೀನನ್ನ ಓಡಿಸೋ ಭರದಲ್ಲಿ ಬೇರೇನೂ ನೋಡಲ್ಲ. ಕೊಕ್ಕೆಗೆ ಬೀಳುತ್ತೆ."

"ಮೀನಿನ ಪಾಠ ಬೇಡ ನಂಗೆ."

"ಸರಿ, ನಮ್ಮ ಕಲ್ಲಿನ ಜಿಜೋ ದೇವರನ್ನ ಯಾವಾಗ ಕೊಡ್ತೀರಿ ಹೇಳು. ಊರು ಮುಳುಗಿಸುವಾಗ ಒಂದು ಬೇಸಿಗೆ ಮಟ್ಟಿಗೆ ಅಂತ ಕೇಳಿ ತಗೊಂಡ್ರಿ. ಮಕ್ಕಳನ್ನ ಕಾಯೋ ದೇವರು, ನಿಮ್ಮ ಪ್ರದರ್ಶನದ ಗಾಜಿನ ಪೆಟ್ಟಿಗೇಲಿ ಕೂತು ಪ್ರವಾಸಿಗಳ ಮುಖ ನೋಡ್ತಿದೆ."

"ಕಚೇರೀಲಿ ಕೇಳು."

"ಕೇಳಿ ಕೇಳಿ ಹಲ್ಲು ಉದುರಿದ್ವು. ನಿಮ್ಮಮ್ಮನೂ ಬಂದು ಕೇಳಿದ್ದಳಲ್ಲ. ಅವಳ ತವರೂ ಅದೇ ನೀರಿನ ಅಡಿ ಇರೋದು."

ಯಸುಹಿಕೊ ಹಲ್ಲು ಕಚ್ಚಿ ಬೂಟು ಸಮೇತ ನೀರಿಗಿಳಿದ. ತಣ್ಣನೆಯ ನೀರು ಒಳಗೆ ನುಗ್ಗಿತು. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಯಾವುದೋ ಸಣ್ಣ ಲಾರಿ ಎರಡು ಸಲ ಹಾರ್ನ್ ಬಾರಿಸಿ ಹೋಯಿತು.

ಅಜ್ಜ ತಾನಾಗಿಯೇ ಗಾಳ ಎತ್ತಿಕೊಂಡು ದಡ ಹತ್ತಿದ. ಬುಟ್ಟಿ ಖಾಲಿ.

"ಇಷ್ಟೊತ್ತು ನಿಂತು ಒಂದೂ ಸಿಗಲಿಲ್ವಾ?"

"ಒಂದು ಸಿಕ್ಕಿತು. ಸಾಕು."

ಗೇಟು ಎದ್ದು ಹೊಳೆ ಭೋರ್ಗರೆಯಿತು. ಯಸುಹಿಕೊ ಒದ್ದೆ ಕಾಲಲ್ಲೇ ಪ್ರದರ್ಶನ ಕೋಣೆಗೆ ಮರಳಿದ. ಗಾಜಿನ ಪೆಟ್ಟಿಗೆಯ ಬೀಗ ಹಾಕಿದ ಹಾಗೇ ಇತ್ತು. ಅದರ ಬೀಗದಕೈ ಮಾತ್ರ ಗೊಂಚಲಿನಲ್ಲಿರಲಿಲ್ಲ.

ಒಳಗೆ, ಜಿಜೋ ಇದ್ದ ಜಾಗದಲ್ಲಿ, ದೇವರ ಎದೆಯ ಮಾಸಿದ ಕೆಂಪು ಬಟ್ಟೆ ಇತ್ತು. ಅಮ್ಮ ಮಡಿಸುವ ಹಾಗೆಯೇ, ಮೂಲೆಗೆ ಮೂಲೆ ಸೇರಿಸಿ ಮಡಿಸಿದ್ದು.