ತೋಳದ ಕುರ್ಚಿ

ಕಾಡುಪ್ರಾಣಿಗಳಿಗೂ ಓಟು ಬಂದಮೇಲೆ ಗ್ರಾಮಸಭೆಯಲ್ಲಿ ತೋಳಕ್ಕೊಂದು ಕುರ್ಚಿ ಇತ್ತು. ತೋಳ ಕೊನೆಯ ಸಲ ಯಾರ ಕುರಿ ಹಿಡಿದಿತ್ತೋ ಅವರೇ ಅದರ ಓಟು ಹಾಕಬೇಕು, ಅದು ಕಾನೂನು. ತೋಳಗಳಿದ್ದ ಗುಡ್ಡದಲ್ಲಿ ಕಲ್ಲು ಕ್ವಾರಿ ಬೇಕೋ ಬೇಡವೋ ಎಂಬ ಮತ ಸಮಸಮ ನಿಂತಾಗ, ಎಲ್ಲರೂ ಕುರಿ ಕಾಯುವ ಬೀರವ್ವನತ್ತ ತಿರುಗಿದರು.

“ನಿನ್ನೆ ತ್ವಾಳ ನಿನ್ನ ಮರಿ ತಿಂದೈತಿ. ಕ್ವಾರಿ ಬೇಕಂತ ಕೈ ಎತ್ತಬೇ,” ಎಂದ ಅಧ್ಯಕ್ಷ, ನಗುತ್ತ.

ಮರಿಯ ಕೊರಳಗಂಟೆ ಇನ್ನೂ ಬೀರವ್ವನ ಮಡಿಲಲ್ಲೇ ಇತ್ತು. ವರ್ಷಕ್ಕೊಂದು ಮರಿ ತೋಳದ ಪಾಲೆಂದು ಅವಳಪ್ಪ ಹಿಂಡಿನಲ್ಲಿ ಮೀಸಲಿಡುತ್ತಿದ್ದ, ಅವಳೂ ಈ ಮರಿಯನ್ನು ಹಾಗೇ ಇಟ್ಟಿದ್ದಳು. ತೋಳದ ಕುರ್ಚಿಗೆ ಕಂಬಳಿ ಹಾಸಿ ಗಟ್ಟಿಯಾಗಿ ಕೂತಳು.

“ಬ್ಯಾಡ ಅಂತ ಬರಕೋರಿ. ಮರಿ ತ್ವಾಳದ ಪಾಲಿಂದು, ತಿಂತು. ಗುಡ್ಡ ನಿಮ್ಮ ಪಾಲಿಂದಲ್ಲ.”