ಹೊರಗಿನ ಚಿಲಕ

ಸ್ಕಾಟ್ಲೆಂಡಿನ ಆ ದ್ವೀಪದಲ್ಲಿ ಹೈಲ್ಯಾಂಡ್ ಕ್ರೀಡಾಕೂಟದ ದಿನವೇ ಕುಲದವರೆಲ್ಲ ಸೇರುವುದೆಂದು ನಿಶ್ಚಯವಾಗಿತ್ತು. ಏರ್ಪಾಟಿನ ಮಾತುಕತೆಗೆ ಮರದ ಸಭಾಭವನದಲ್ಲಿ ಕೂತವರೆಲ್ಲ ತಂದೆಯ ಕಡೆಯಿಂದ ಕುಲದವರೇ. ಬೇರೆಯವರನ್ನು ಕುಲದ ಮುಖಂಡ ಒಳಗೆ ಬಿಟ್ಟಿರಲಿಲ್ಲ.

“ಆಚೆ ದಡದ ಕುಲದೋರನ್ನೂ ಕರೀರಿ,” ಎಂದ ಮುಖಂಡ.

“ನಮ್ಮ ಹಿರೀಕರನ್ನ ಚರ್ಚಿನೊಳಗೆ ಕೂಡಿಹಾಕಿ ಸುಟ್ಟೋರನ್ನಾ?” ಎಂದ ಕೂತವರಲ್ಲೊಬ್ಬ.

“ಹೂಂ. ದಿಮ್ಮಿ ಎಸೆಯೋ ಸ್ಪರ್ಧೆ ಮುಗಿದ್ಮೇಲೆ ಅವರಿಗೆ ಇಲ್ಲೇ ಊಟ. ಇರೋದು ಒಂದೇ ಬಾಗಿಲು, ಚಿಲಕ ಹೊರಗೆ ಹಾಕಿಸಿದೀನಿ. ಪೆಟ್ರೋಲ್ ಕ್ಯಾನುಗಳೂ ಹೊರಗಿವೆ. ಅವರೂ ಬೆಂಕಿ ರುಚಿ ನೋಡ್ಲಿ.”

ಎಲ್ಲರೂ ಮೇಜು ಗುದ್ದಿ ನಕ್ಕರು.

“ಚಿಲಕ ಗಟ್ಟಿ ಇದೆಯಾ ನೋಡ್ತೀನಿ, ದೊಡ್ಡಪ್ಪ,” ಎಂದು ಮುಖಂಡನ ತಮ್ಮನ ಮಗ ಎದ್ದು ಹೊರಗೆ ಹೋದ. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು. ಹೊಸ್ತಿಲ ಸಂದಿಯಿಂದ ಪೆಟ್ರೋಲ್ ಒಳಗೆ ಹರಿದು ಬಂತು.

“ಗಟ್ಟಿ ಇದೆ, ದೊಡ್ಡಪ್ಪ. ನಮ್ಮಮ್ಮ ಆಚೆ ದಡದೋರ ಮನೆ ಮಗಳು.”