‘ಇತರೆ’ ಎಂಬ ಸಾಲು

“ಮತ್ತೆ ಏರಿತು,” ಎಂದಳು ಅಕ್ಕ. ಆಫೀಸಿನಲ್ಲಿ ಯಾರೂ ತಲೆ ಎತ್ತಲಿಲ್ಲ.

ಗೋಡೆಯ ದೊಡ್ಡ ಟಿವಿಯಲ್ಲಿ ಕ್ಲೌಡ್ ಖರ್ಚಿನ ಕೋಷ್ಟಕ. ಬಾಡಿಗೆಗೆ ಪಡೆದ ಕಂಪ್ಯೂಟರ್‌ಗಳಿಗೆ ಈವರೆಗೆ ಎಷ್ಟಾಗಿದೆ, ಮುಂದಿನ ತಿಂಗಳು ಎಷ್ಟಾಗಬಹುದು, ಎಲ್ಲ ಅದರಲ್ಲೇ; ನಿಮಿಷಕ್ಕೊಮ್ಮೆ ತಾನೇ ರಿಫ್ರೆಶ್ ಆಗುತ್ತಿತ್ತು. ಕೊನೆಯ ಸಾಲಿನ ಹೆಸರು ‘ಇತರೆ’. ಉಳಿದವು ಇಳಿದರೂ ಅದರ ಅಂದಾಜು ಮಾತ್ರ ಏರುತ್ತಲೇ ಇತ್ತು.

ಕಿವಿ ಕೇಳದವರಿಗೆ ಎದುರಿನವರ ಮಾತನ್ನು ಫೋನಿನಲ್ಲಿ ಬರೆದು ತೋರಿಸುವ ಪುಟ್ಟ ಕಂಪನಿ ಅದು. ಅಮ್ಮನಿಗೆಂದು ಅಕ್ಕ ತಮ್ಮ ಸೇರಿ ಶುರುಮಾಡಿದ್ದು. ಬಂಡವಾಳ ಚಿಕ್ಕಪ್ಪನದು. ಅವರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು: “ಸಂಜೆಯೊಳಗೆ ಅಂದಾಜು ಮಿತಿಗೆ ಬರ್ಬೇಕು ಕಣಮ್ಮಾ. ಇಲ್ಲಾಂದ್ರೆ ಬಾಗಿಲು ಹಾಕಿಬಿಡಿ.”

ಮಿತಿ ಮೀರಿದ್ದು ‘ಇತರೆ’ಯಿಂದಲೇ. ಅಂದರೆ ಯಾರೋ ಕದ್ದು ಬಳಸುತ್ತಿದ್ದಾರೆ. ಹೊಸ ಕಂಪ್ಯೂಟರ್ ಬಾಡಿಗೆಗೆ ಎತ್ತುವ ಪಾಸ್‌ವರ್ಡ್ ಗೊತ್ತಿದ್ದದ್ದು ಅಕ್ಕನಿಗೆ ಮತ್ತು ತಮ್ಮನಿಗೆ ಮಾತ್ರ. ಖರ್ಚಿನ ಮೇಲೆ ಕಣ್ಣಿಡಲು ಈ ಟಿವಿ ತಂದು ನೇತುಹಾಕಿದ ವಾರವೇ ಕಳ್ಳತನ ಶುರುವಾಗಿತ್ತು. ಅಷ್ಟು ಧೈರ್ಯ ಹೊರಗಿನವರಿಗೆಲ್ಲಿ ಬರಬೇಕು? ಭಾನುವಾರ ಆಫೀಸಿಗೆ ಬೀಗ. ಭಾನುವಾರ ಆ ಸಾಲೂ ತೆಪ್ಪಗೆ. ವಾರದ ರಜೆ ತಪ್ಪಿಸದ ಕಳ್ಳ!

“ಎಲ್ಲರೂ ನಿಮ್ಮ ನಿಮ್ಮ ಕಂಪ್ಯೂಟರ್‌ನಲ್ಲೂ ಇದನ್ನ ತೆರೆದಿಡಿ,” ಎಂದಳು. “ನಿಮಿಷಕ್ಕೊಂದ್ಸಲ ರಿಫ್ರೆಶ್ ಮಾಡ್ತಾ ಇರಿ. ಇವತ್ತು ಹಿಡೀಲೇಬೇಕು.”

ಮಧ್ಯಾಹ್ನದ ಹೊತ್ತಿಗೆ ‘ಇತರೆ’ ಹುಚ್ಚೆದ್ದು ಏರಿತು.

ತಮ್ಮ ಎದ್ದು ಬಂದ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಸ್ವಲ್ಪ ಹೊತ್ತು ಅದನ್ನ ನೋಡೋದು ಬಿಡಕ್ಕಾ.”

“ನಾನು ನೋಡದಿದ್ರೆ ನಿನಗೆ ಅನುಕೂಲ, ಅಲ್ವಾ?”

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮುಖ ಬಿಳಿಚಿಕೊಂಡಿತು. “ಅಕ್ಕಾ... ನಾನಾ?”

“ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳ್ಕೊಳ್ಳೋದು? ಹೊರಡು. ಅಮ್ಮನಿಗೆ ನಾನೇ ಹೇಳ್ತೀನಿ.”

ಅವನು ಲ್ಯಾಪ್‌ಟಾಪಿನ ವೈರನ್ನು ಎಳೆದ ರಭಸಕ್ಕೆ ಟಿವಿಯ ಪ್ಲಗ್ಗೂ ಕಿತ್ತುಬಂತು. ಅದನ್ನು ಹಾಗೇ ಬಿಟ್ಟು ಹೊರಟುಹೋದ. ಉಳಿದವರು ಮುಖ ಮುಖ ನೋಡಿಕೊಂಡು, ಕಂಪ್ಯೂಟರ್ ಮುಚ್ಚಿ ಊಟಕ್ಕೆ ಎದ್ದರು. ಅಕ್ಕ ಮೇಜಿಗೆ ತಲೆಯಾನಿಸಿ ಅತ್ತಳು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು.

ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕೋಷ್ಟಕ ತೆರೆದಳು. ‘ಇತರೆ’ ನಿಂತಲ್ಲೇ ನಿಂತಿತ್ತು. ತಮ್ಮ ಬಾಗಿಲು ದಾಟಿದ ಮೇಲೆ ಬಿಡಿಗಾಸೂ ಏರಿರಲಿಲ್ಲ. ಇನ್ನು ಬೇರೆ ಸಾಕ್ಷಿ ಬೇಕೆ? ಚಿಕ್ಕಪ್ಪನಿಗೆ ಫೋನ್ ಮಾಡಿ, ಕಳ್ಳ ಯಾರೆಂದು ಹೇಳಿಯೇಬಿಟ್ಟಳು.

ಫೋನ್ ಇಡುತ್ತಲೇ ಮತ್ತೆ ಬಡಿದುಕೊಂಡಿತು. ಬೆಳಿಗ್ಗೆ ಅವಳು ದೂರು ಕೊಟ್ಟಿದ್ದ ಕ್ಲೌಡ್ ಕಂಪನಿಯ ಸಹಾಯವಾಣಿಯವನು.

“ನೋಡಿದೆ ಮೇಡಂ. ‘ಇತರೆ’ ಅಂದ್ರೆ ಆ ಕೋಷ್ಟಕದ್ದೇ ಚಾರ್ಜು, ರಿಫ್ರೆಶ್ ಆದಾಗೆಲ್ಲ ಬೀಳತ್ತೆ. ಊಟದ ಹೊತ್ತಲ್ಲಿ ನೀವೆಲ್ಲ ನೋಡೋದು ನಿಲ್ಲಿಸಿದ್ರಲ್ಲ, ಆಗ ನಿಂತಿದೆ ನೋಡಿ.”